ಎತ್ತರಿಸಿದ ಜಿಪ್ಸಿ ನಡುಗುತ್ತಿದೆಯೇ? ಪಿನಿಯನ್ ಕೋನ ಸರಿ ಮಾಡಿ

ಮಾರುತಿ ಜಿಪ್ಸಿಯನ್ನು ಆಟೋಕ್ರಾಸ್‌ಗೋ ಆಫ್‌ರೋಡಿಗೋ ರೆಡಿ ಮಾಡುವವರು ಮೊದಲು ಗಾಡಿಯನ್ನು ಎತ್ತರಿಸುತ್ತಾರೆ. ಹೊಸ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಬಿದ್ದ ಮೇಲೆ ಆಕ್ಸಿಲರೇಟರ್ ಒತ್ತಿದರೆ ಸೀಟಿನಡಿ ನಡುಕ ಶುರು. ಆಗ ಯುಜೆ (ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟ್) ಕ್ರಾಸ್ ಬದಲಿಸುತ್ತಾರೆ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಮಾಡಿಸುತ್ತಾರೆ. ಹಿಂದಿನ ಆಕ್ಸಲ್‌ನ ಪಿನಿಯನ್ (ಶಾಫ್ಟ್ ಬಂದು ಸೇರುವ ಹಲ್ಲುಗಾಲಿಯ ದಂಡ) ಎತ್ತ ಮುಖ ಮಾಡಿದೆ ಎಂದು ನೋಡುವವರೇ ಕಡಿಮೆ.

ಬಾಗಿ ತಿರುಗುವ ಯುಜೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ, ಎರಡು ಸಲ ತಗ್ಗಿಸುತ್ತದೆ. ಶಾಫ್ಟಿನ ಇನ್ನೊಂದು ತುದಿಯ ಯುಜೆಯೂ ಅಷ್ಟೇ ಬಾಗಿದ್ದರೆ ಈ ಏರಿಳಿತ ಅಲ್ಲೇ ಅಳಿಸಿಹೋಗುತ್ತದೆ. ಅಂದರೆ ಟ್ರಾನ್ಸ್‌ಫರ್ ಕೇಸ್‌ನ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಔಟ್‌ಪುಟ್ ಮತ್ತು ಪಿನಿಯನ್ ಸಮಾನಾಂತರವಾಗಿರಬೇಕು. ಎಳೆತದಲ್ಲಿ ಓಡುವಾಗ ಎರಡು ಯುಜೆಗಳ ನಡುವೆ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬೇಡ.

ಜನ ಎಡವುವುದು ಅಳತೆಯಲ್ಲಿ. ಚಾಸಿಗೆ ಜಾಕಿ ಕೊಟ್ಟು ಚಕ್ರ ನೇತಾಡುತ್ತಿರುವಾಗ ಅಳೆದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಗಾಡಿ ಸಮತಟ್ಟು ನೆಲದ ಮೇಲೆ, ತನ್ನ ಟೈರುಗಳ ಮೇಲೇ ನಿಂತಿರಬೇಕು. ಹಿಂಬದಿಯನ್ನು ನಾಲ್ಕೈದು ಸಲ ಒತ್ತಿ ಬಿಡಿ, ಪಟ್ಟಿ ಕೂರಲಿ. ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿದ್ದ ಗಾಡಿಯೂ ಉರುಳಬಹುದು, ಚಕ್ರಗಳಿಗೆ ಕಲ್ಲು ಕೊಡಿ. ಬಿಚ್ಚುವ ಮೊದಲು ಫ್ಲೇಂಜ್‌ಗೂ (ಶಾಫ್ಟ್ ಬೋಲ್ಟ್ ಆಗುವ ಚಪ್ಪಟೆ ತಟ್ಟೆ) ಸ್ಲಿಪ್ ಜಾಯಿಂಟ್‌ಗೂ (ಶಾಫ್ಟಿನ ಹಲ್ಲುಳ್ಳ ಜಾರುವ ಜೋಡಣೆ) ಬಣ್ಣದ ಗುರುತು ಹಾಕಿ. ಒಂದು ಹಲ್ಲು ತಪ್ಪಿ ಜೋಡಿಸಿದರೂ ಶಾಫ್ಟಿನ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿ ಉಳಿಯುವುದಿಲ್ಲ. ಆಮೇಲೆ ಕೋನ ಎಷ್ಟೇ ಸರಿಯಿದ್ದರೂ ನಡುಕ ಹೋಗದು.

ಮೂರು ಅಳತೆ ಬೇಕು: ಟ್ರಾನ್ಸ್‌ಫರ್ ಕೇಸ್ ಔಟ್‌ಪುಟ್, ಶಾಫ್ಟ್, ಪಿನಿಯನ್. ಶಾಫ್ಟನ್ನು ಬಿಚ್ಚುವ ಮೊದಲೇ ಅಳೆದುಕೊಳ್ಳಿ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯೇ ಇದೆ, ಹಾಗಾಗಿ ಎಂಜಿನ್ ಮೇಲೆ ಮೀಟರ್ ಇಟ್ಟು ಪ್ರಯೋಜನವಿಲ್ಲ. ಫ್ಲೇಂಜ್‌ನ ನಯವಾದ ಮುಖವನ್ನು ಒರೆಸಿ, ಅಯಸ್ಕಾಂತವಿರುವ ಡಿಜಿಟಲ್ ಆಂಗಲ್ ಮೀಟರ್ ಅಂಟಿಸಿ. ಆ ಮುಖ ನೆಟ್ಟಗೆ ನಿಂತಿರುವುದರಿಂದ 90ರಿಂದ ಎಷ್ಟು ಸರಿದಿದೆಯೋ ಅದೇ ಕೋನ. ಮೊಬೈಲ್ ಆ್ಯಪ್ ಬೇಡವೇ ಬೇಡ. ಕ್ಯಾಮೆರಾ ಉಬ್ಬಿರುವ ಫೋನು ಫ್ಲೇಂಜ್ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ. ಡಿಗ್ರಿ ಜೊತೆಗೆ ಎತ್ತ ವಾಲಿದೆ ಅನ್ನುವುದನ್ನೂ ಬರೆದಿಡಿ.

ಔಟ್‌ಪುಟ್ ಹಿಂದಕ್ಕೆ 4 ಡಿಗ್ರಿ ಇಳಿದಿದೆ, ಶಾಫ್ಟ್ 7 ಡಿಗ್ರಿ ಇಳಿದಿದೆ ಅಂದುಕೊಳ್ಳಿ. ಮುಂದಿನ ಯುಜೆ 3 ಡಿಗ್ರಿ ಬಾಗಿದೆ. ಸಮಾನಾಂತರವಾಗಲು ಪಿನಿಯನ್ ಮೂತಿ (ಮುಂದಿನ ತುದಿ) 4 ಡಿಗ್ರಿ ಮೇಲೆ ನೋಡಬೇಕು. ಆದರೆ ಎಳೆತ ಬಿದ್ದಾಗ ಕಮಾನ್ ಪಟ್ಟಿ ತಿರುಚಿಕೊಂಡು ಮೂತಿ ಇನ್ನಷ್ಟು ಮೇಲೇಳುತ್ತದೆ. ಅದಕ್ಕೇ ನಿಂತಾಗ 2 ಡಿಗ್ರಿ ಕಡಿಮೆ ಇಡಿ, ಅಂದರೆ ಮೂತಿ 2 ಡಿಗ್ರಿ ಮೇಲೆ. ಎರಡೂ ಯುಜೆಯನ್ನು ಸೊನ್ನೆಗೆ ತಂದು ನೇರ ಮಾಡುವ ಆಸೆ ಬೇಡ. ಸ್ವಲ್ಪವೂ ಬಾಗದ ಕ್ರಾಸಿನಲ್ಲಿ ಸೂಜಿ ಬೇರಿಂಗ್ ಉರುಳದೆ ಒಂದೇ ಜಾಗದಲ್ಲಿ ಗುಳಿ ಬೀಳುತ್ತದೆ.

ಕೊರತೆಯಿದ್ದಷ್ಟು ಡಿಗ್ರಿಯ ಓರೆ ಬಿಲ್ಲೆಯನ್ನು ಪಟ್ಟಿಗೂ ಆಕ್ಸಲ್ ಪ್ಯಾಡ್‌ಗೂ ನಡುವೆ ಕೂರಿಸಿ. ಜಿಪ್ಸಿಯಲ್ಲಿ ಪಟ್ಟಿ ಆಕ್ಸಲ್‌ನ ಕೆಳಗಿದೆ. ಮೂತಿ ಮೇಲೇಳಬೇಕಾದರೆ ದಪ್ಪ ತುದಿ ಮುಂದಕ್ಕೆ ಬರಲಿ. ಪಟ್ಟಿಯನ್ನು ಆಕ್ಸಲ್ ಮೇಲಕ್ಕೆ ಹಾಕಿಸಿಕೊಂಡವರಿಗೆ ಇದು ತಿರುಗುಮುರುಗು, ದಪ್ಪ ತುದಿ ಹಿಂದಕ್ಕೆ. ಇಲ್ಲಿ ತಪ್ಪಿದರೆ ಎರಡು ಡಿಗ್ರಿ ಸರಿಯಾಗುವ ಬದಲು ನಾಲ್ಕು ಡಿಗ್ರಿ ಕೆಡುತ್ತದೆ. ಅಲ್ಯುಮಿನಿಯಂ ಬಿಲ್ಲೆ ಅಗ್ಗ ಅಂತ ತರಬೇಡಿ, ಹೊಡೆತ ತಿಂದು ಪುಡಿಯಾಗುತ್ತದೆ, ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲವಾಗುತ್ತದೆ. ಉಕ್ಕಿನದ್ದೇ ಹಾಕಿ. ಪಟ್ಟಿಗಳನ್ನು ನಡುವೆ ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್‌ನ ತಲೆ ಪ್ಯಾಡ್‌ನ ತೂತಿಗೆ ಪೂರ್ತಿ ಇಳಿಯದಿದ್ದರೆ ಉದ್ದದ ಬೋಲ್ಟ್ ಬೇಕು.

ಯು-ಬೋಲ್ಟ್ ನಟ್‌ಗಳನ್ನು ಅಡ್ಡಡ್ಡ ಬಿಗಿಮಾಡಿ, ಗುರುತು ನೋಡಿ ಶಾಫ್ಟ್ ಜೋಡಿಸಿ, ಮತ್ತೆ ಅಳೆಯಿರಿ.

ಓಡಿಸುವಾಗ ಎಳೆತದಲ್ಲಿ ಮಾತ್ರ ನಡುಕ ಬಂದರೆ ಮೂತಿ ಜಾಸ್ತಿ ಮೇಲಿದೆ. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಬಂದರೆ ಜಾಸ್ತಿ ಕೆಳಗಿದೆ. ನೂರು ಕಿಲೋಮೀಟರ್ ಆದ ಮೇಲೆ ಯು-ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಮಾಡಿ.