ಮುಖ ನೀರಲ್ಲಿ, ಉಸಿರು ಬಾಯಲ್ಲಿ: ಬಕ್ ಐಲ್ಯಾಂಡ್‌ಗೆ ಸ್ನಾರ್ಕೆಲಿಂಗ್ ಹೋಗುವುದು ಹೇಗೆ?

ಬಾವಿಯಲ್ಲಿ ಈಜು ಕಲಿತವರಿಗೆ ಒಂದು ಅಭ್ಯಾಸ ಇರುತ್ತದೆ. ಏನೇ ಆಗಲಿ, ತಲೆಯನ್ನು ನೀರಿನಿಂದ ಮೇಲೆತ್ತಿಯೇ ಈಜುವುದು. ಬೆನ್ನಿಗೆ ಸೋರೆಬುರುಡೆ ಕಟ್ಟಿ ನನ್ನನ್ನು ಬಾವಿಗೆ ತಳ್ಳಿದ ಚಿಕ್ಕಪ್ಪ ಕಲಿಸಿದ್ದೂ ಅದನ್ನೇ. ಸ್ನಾರ್ಕೆಲಿಂಗ್‌ನಲ್ಲಿ ಎಲ್ಲವೂ ಉಲ್ಟಾ. ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿ ಮುಖ ಮುಳುಗಿಸಿ, ಕೈಕಾಲು ಆಡಿಸದೆ, ಬಾಯಲ್ಲಿ ಕಚ್ಚಿದ ನಳಿಗೆಯಿಂದ ಉಸಿರಾಡುತ್ತಾ ಸುಮ್ನೆ ತೇಲಬೇಕು. ಹಾಗಾಗಿ ಕೆರಿಬಿಯನ್‌ನ ಆ ದೋಣಿಯಲ್ಲಿ ಒದ್ದಾಡಿದ್ದು ಈಜು ಬರುವ ನಾನು. ಈಜೇ ಬಾರದ ನನ್ನ ಹೆಂಡತಿ ಐದೇ ನಿಮಿಷದಲ್ಲಿ ಮೀನು ಎಣಿಸುತ್ತಿದ್ದಳು.

ನಾವು ಹೋಗಿದ್ದು ಸೇಂಟ್ ಕ್ರೋಯ್ ದ್ವೀಪಕ್ಕೆ. ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಇದೇ ದೊಡ್ಡದು. ಇದರ ಉತ್ತರಕ್ಕೆ ಒಂದೂವರೆ ಮೈಲಿ ದೂರದಲ್ಲಿ ಬಕ್ ಐಲ್ಯಾಂಡ್ ಎಂಬ 176 ಎಕರೆಯ ಪುಟ್ಟ ದ್ವೀಪವಿದೆ. ಅಲ್ಲಿ ಮನೆ, ಅಂಗಡಿ ಒಂದೂ ಇಲ್ಲ. ಅದರ ಸುತ್ತಲಿನ ಹವಳದ ದಿಬ್ಬಕ್ಕಾಗಿಯೇ 1961ರಲ್ಲಿ ಅಧ್ಯಕ್ಷ ಕೆನಡಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 2001ರಲ್ಲಿ ಕ್ಲಿಂಟನ್ ಅದರ ಗಡಿಯನ್ನು ಸಮುದ್ರದೊಳಕ್ಕೆ ಇನ್ನೂ ಬಹಳ ದೂರ ಹಿಗ್ಗಿಸಿದರು. ನೀರಿನಡಿ ಹಾದಿ ಗುರುತಿಸಿ ಫಲಕ ನೆಟ್ಟಿರುವ ಅಪರೂಪದ ಜಾಗ ಇದು. ಅಮೆರಿಕದಲ್ಲಿ ಕೆಲಸದಲ್ಲಿರುವ, ಅಥವಾ ಮಕ್ಕಳ ಮನೆಗೆ ಹೋದ ಕನ್ನಡಿಗರಿಗೆ ಕೈಗೆಟುಕುವ ಜಾಗವೂ ಹೌದು.

ಕಾಗದಪತ್ರ ಮೊದಲು

ಇದು ಅಮೆರಿಕದ್ದೇ ನೆಲ. ಹಾಗಾಗಿ ನಮ್ಮ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕದ ವೀಸಾ ಬೇಕೇ ಬೇಕು. ಅಲ್ಲೇ ನೆಲೆಸಿರುವವರು ಒಂದು ಕಡೆ ಎಡವುತ್ತಾರೆ. ಮಯಾಮಿಯಿಂದ ಹೋಗುವಾಗ ಅದು ದೇಶದೊಳಗಿನ ವಿಮಾನ, ಯಾರೂ ಹೆಚ್ಚು ಕೇಳುವುದಿಲ್ಲ. ವಾಪಸ್ ಬರುವಾಗ ಮಾತ್ರ ಸೇಂಟ್ ಕ್ರೋಯ್ ವಿಮಾನ ನಿಲ್ದಾಣದಲ್ಲೇ ಕಸ್ಟಮ್ಸ್ ಮತ್ತು ವಲಸೆ ತಪಾಸಣೆ ಇರುತ್ತದೆ. ಹೆಚ್1ಬಿ ಕೆಲಸದ ವೀಸಾದಲ್ಲಿ ಇರುವವರು ಡ್ರೈವಿಂಗ್ ಲೈಸೆನ್ಸ್ ಸಾಕು ಅಂದುಕೊಂಡು ಹೊರಡಬೇಡಿ. ಅಸಲಿ ಪಾಸ್‌ಪೋರ್ಟ್, ವೀಸಾ ಕಾಗದ, ಗ್ರೀನ್ ಕಾರ್ಡ್, ಯಾವುದಿದೆಯೋ ಅದು ಬ್ಯಾಗಿನಲ್ಲಿರಲಿ.

ಕಾರು ಬಾಡಿಗೆಗೆ ತೆಗೆದುಕೊಂಡರೆ ಒಂದು ತಮಾಷೆ ಇದೆ. ಇಲ್ಲಿ ನಮ್ಮಂತೆ ರಸ್ತೆಯ ಎಡಕ್ಕೆ ಓಡಿಸಬೇಕು. ಆದರೆ ಕಾರುಗಳು ಅಮೆರಿಕದವು, ಸ್ಟೀರಿಂಗ್ ಕೂಡ ಎಡಕ್ಕೇ. ಬೆಂಗಳೂರಿನಲ್ಲಿ ಓಡಿಸಿದವರು, ಡಲ್ಲಾಸ್‌ನಲ್ಲಿ ಓಡಿಸಿದವರು, ಇಬ್ಬರಿಗೂ ಮೊದಲ ದಿನ ಕಷ್ಟವೇ.

ಯಾವಾಗ ಹೋಗಬೇಕು, ಯಾವ ದೋಣಿ?

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಜನ ಹೆಚ್ಚು ಬರುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಆದರೆ ಡಿಸೆಂಬರ್, ಜನವರಿಯಲ್ಲಿ ಪೂರ್ವದ ಗಾಳಿ ಜೋರು. ಸ್ಥಳೀಯರು ಅದನ್ನು 'ಕ್ರಿಸ್‌ಮಸ್ ಗಾಳಿ' ಅಂತಲೇ ಕರೆಯುತ್ತಾರೆ. ಮೊದಲ ಸಲ ಹೋಗುವವರಿಗೆ ಏಪ್ರಿಲ್, ಮೇ ಒಳ್ಳೆಯದು ಅಂತ ನನ್ನ ಲೆಕ್ಕ. ಗಾಳಿ ತಗ್ಗಿರುತ್ತದೆ, ಗದ್ದಲವೂ ಕಡಿಮೆ.

ಬಕ್ ಐಲ್ಯಾಂಡ್‌ಗೆ ಪ್ರವಾಸಿಗರನ್ನು ಕರೆದೊಯ್ಯಲು ದೋಣಿಯವರಿಗೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಪರವಾನಗಿ ಬೇಕು. ಬುಕ್ ಮಾಡುವ ಮೊದಲು ಅದನ್ನು ಕೇಳಿ. ಅರ್ಧ ದಿನದ ಪ್ರವಾಸವಿದೆ, ಪೂರ್ತಿ ದಿನದ್ದೂ ಇದೆ. ಜೊತೆಯಲ್ಲಿ ವಯಸ್ಸಾದವರು ಅಥವಾ ಈಜು ಬಾರದವರು ಇದ್ದರೆ ಪೂರ್ತಿ ದಿನದ್ದನ್ನೇ ಆರಿಸಿ. ಅದರಲ್ಲಿ ಸಾಮಾನ್ಯವಾಗಿ ಟರ್ಟಲ್ ಬೀಚ್‌ನಲ್ಲಿ ನಿಲ್ಲಿಸುತ್ತಾರೆ. ದ್ವೀಪದ ಪಶ್ಚಿಮ ತುದಿಯ ಮರಳ ದಂಡೆ ಅದು. ಸೊಂಟದುದ್ದ ನೀರಿನಲ್ಲಿ ನಿಂತು ಅಭ್ಯಾಸ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು.

ಫೋನಿನಲ್ಲಿ ಇನ್ನೂ ಮೂರು ಮಾತು ಕೇಳಿಬಿಡಿ. ಈಜು ಬಾರದವರನ್ನು ಕರೆದೊಯ್ಯುತ್ತೀರಾ? ಕನ್ನಡಕದ ಪವರ್ ಇರುವ ಮಾಸ್ಕ್ ಇದೆಯಾ? ಊಟಕ್ಕೆ ಸಸ್ಯಾಹಾರ ಸಿಗುತ್ತದಾ? ಕೊನೆಯದಕ್ಕೆ 'ಹೌದು' ಅಂದರೂ ನಂಬಿ ಕೂರಬೇಡಿ. ನಮಗೆ ಬನ್ನಿನೊಳಗೆ ಎರಡು ಎಲೆ, ಒಂದು ಟೊಮೆಟೊ ಹೋಳು ಬಂತು. ಹೆಂಡತಿ ಮುಂಜಾನೆಯೇ ಕಟ್ಟಿಕೊಂಡಿದ್ದ ಚಪಾತಿ, ಚಟ್ನಿಪುಡಿ ಮಾನ ಉಳಿಸಿತು.

ಇನ್ನೊಂದು ಚಿಕ್ಕ ಸಂಗತಿ. ಆ ದ್ವೀಪಗಳಲ್ಲಿ ಯಾರನ್ನೇ ಮಾತಾಡಿಸಲಿ, ಮೊದಲು 'ಗುಡ್ ಮಾರ್ನಿಂಗ್' ಹೇಳಬೇಕು. ನೇರ ವಿಷಯಕ್ಕೆ ಬಂದರೆ ಒರಟು ಅಂತ ಲೆಕ್ಕ. ನಮ್ಮ ಕಡೆ 'ಊಟ ಆಯ್ತಾ' ಅನ್ನದೆ ಮಾತು ಶುರುವಾಗದ ಹಾಗೆ.

ಸನ್‌ಸ್ಕ್ರೀನ್ ಡಬ್ಬಿಯ ಹಿಂಭಾಗ ಓದಿ

ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್. ಈ ಮೂರರಲ್ಲಿ ಒಂದಿದ್ದರೂ ಆ ಸನ್‌ಸ್ಕ್ರೀನ್‌ಗೆ ವರ್ಜಿನ್ ದ್ವೀಪಗಳಲ್ಲಿ 2020ರ ಮಾರ್ಚ್‌ನಿಂದ ನಿಷೇಧವಿದೆ. ಹವಳಕ್ಕೆ ಹಾನಿ ಅಂತ. ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದನ್ನು ಕೊಳ್ಳಿ. ಮುಖ ವಿಭೂತಿ ಬಳಿದ ಹಾಗೆ ಕಾಣುತ್ತದೆ, ಇರಲಿ. ಅದಕ್ಕಿಂತ ಸುಲಭ ಉಪಾಯ ತುಂಬು ತೋಳಿನ ಈಜು ಅಂಗಿ ಮತ್ತು ಕಾಲು ಮುಚ್ಚುವ ಲೆಗ್ಗಿಂಗ್ಸ್. ನೀರಲ್ಲಿ ಬೆನ್ನು ಮೇಲಾಗಿ ಗಂಟೆಗಟ್ಟಲೆ ತೇಲುತ್ತೀರಿ, ಬಿಸಿಲು ಗೊತ್ತೇ ಆಗುವುದಿಲ್ಲ.

ಮಾಸ್ಕ್, ಮೀಸೆ ಮತ್ತು ಬಕೆಟ್

ಇಡೀ ಪ್ರವಾಸ ಕೆಡುವುದು ಅಥವಾ ಗೆಲ್ಲುವುದು ಇಲ್ಲೇ. ಆದ್ದರಿಂದ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ದೋಣಿಯವರು ಕೊಡುವ ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ. ಮೂಗಿನಿಂದ ಮೆಲ್ಲಗೆ ಉಸಿರು ಎಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮುಖದ್ದು. ಬಿದ್ದರೆ ಬೇರೆ ಕೇಳಿ, ನಾಚಿಕೆ ಬೇಡ. ಪಟ್ಟಿಯನ್ನು ಬಿಗಿದಷ್ಟೂ ನೀರು ಬರುವುದಿಲ್ಲ ಅನ್ನುವುದು ತಪ್ಪು. ತುಂಬಾ ಬಿಗಿದರೆ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಒಂದು ಎಳೆ ಕೂದಲು ಅಂಚಿನಡಿ ಸಿಕ್ಕಿದರೂ ಸಾಕು, ನೀರಿಗೆ ದಾರಿ ಆಯಿತು.

ಮೀಸೆಯವರ ಪಾಡು ಇಲ್ಲೇ. ನನ್ನದು ಅಪ್ಪನ ಕಾಲದ ದಪ್ಪ ಮೀಸೆ. ಮಾಸ್ಕಿನ ಕೆಳ ಅಂಚು ಸರಿಯಾಗಿ ಅದರ ಮೇಲೆಯೇ ಕೂರುತ್ತದೆ. ಎರಡು ನಿಮಿಷಕ್ಕೊಮ್ಮೆ ಮೂಗಿನವರೆಗೆ ಉಪ್ಪುನೀರು. ಮೂಗಿನ ಬುಡದಲ್ಲಿ ಸಣ್ಣ ಗೆರೆಯಷ್ಟು ಬೋಳಿಸಿಕೊಂಡರೆ ಅಥವಾ ಅಲ್ಲಿಗೆ ಸಿಲಿಕೋನ್ ಗ್ರೀಸ್ ಸವರಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಬೋಳಿಸಲು ನಾನು ಒಪ್ಪಲಿಲ್ಲ. ಅನುಭವಿಸಿದೆ.

ಒಳಗೆ ನೀರು ಬಂದರೆ ಗಾಬರಿ ಬೇಡ. ತಲೆ ಮೇಲೆತ್ತಿ, ಮಾಸ್ಕಿನ ಕೆಳ ಅಂಚನ್ನು ಸ್ವಲ್ಪ ಎಳೆದರೆ ಸುರಿದುಹೋಗುತ್ತದೆ. ನಳಿಗೆಗೆ ನೀರು ಹೊಕ್ಕರೆ ಪಿಳ್ಳಂಗೋವಿ ಊದಿದಂತಲ್ಲ, ದೀಪ ಆರಿಸಿದಂತೆ ಒಂದೇ ಸಲ 'ಫೂ' ಅಂತ ಜೋರಾಗಿ ಊದಿ. ಗಾಜು ಮಂಜಾಗದಿರಲು ಒಳಗೆ ಉಗುಳು ಸವರಿ, ಒಮ್ಮೆ ನೀರಲ್ಲಿ ಅದ್ದಿ ತೆಗೆಯಿರಿ. ಅಸಹ್ಯ ಅನಿಸಬಹುದು, ಆದರೆ ಎಲ್ಲರೂ ಮಾಡುವುದು ಅದನ್ನೇ.

ಇದನ್ನೆಲ್ಲ ಮನೆಯಲ್ಲೇ ಕಲಿಯಬಹುದು. ಅಗಲ ಬಾಯಿಯ ಬಕೆಟ್ ತುಂಬಿಸಿ, ಮಾಸ್ಕ್ ಮತ್ತು ನಳಿಗೆ ಹಾಕಿ ಮುಖ ಅದ್ದಿ. ಬಾಯಿಂದ ನಿಧಾನವಾಗಿ ಒಳಗೆ, ಇನ್ನೂ ನಿಧಾನವಾಗಿ ಹೊರಗೆ. ಮೊದಲ ಸಲ 'ಉಸಿರು ಕಟ್ಟಿತು' ಅನಿಸಿಯೇ ಅನಿಸುತ್ತದೆ. ಮುಖ ನೀರಿಗೆ ತಾಗಿದಾಗ ಉಸಿರು ಹಿಡಿಯುವುದು ಹುಟ್ಟುಗುಣ. ನಾಲ್ಕು ಸಂಜೆ ಹತ್ತತ್ತು ನಿಮಿಷ ಮಾಡಿದರೆ ಅದು ಬಿಟ್ಟುಹೋಗುತ್ತದೆ. ಕರ್ನಾಟಕದಲ್ಲೇ ಇರುವವರಿಗೆ ಮುರ್ಡೇಶ್ವರದ ಆಚೆಯ ನೇತ್ರಾಣಿ ಇದೆ. ದೂರದ ಕೆರಿಬಿಯನ್‌ಗೆ ದುಡ್ಡು ಸುರಿಯುವ ಮೊದಲು ಅಲ್ಲೊಮ್ಮೆ ನೀರಿಗಿಳಿದು ನೋಡಬಹುದು.

ಬಿಪಿ, ಹೃದಯದ ತೊಂದರೆ, ಆಸ್ತಮಾ ಇದ್ದವರು ಡಾಕ್ಟರನ್ನು ಕೇಳದೆ ಹೋಗಬಾರದು. ದೋಣಿಯಲ್ಲಿ ಸಹಿ ಹಾಕಿಸಿಕೊಳ್ಳುವ ಫಾರಂನಲ್ಲಿ ಇವನ್ನು ಮುಚ್ಚಿಡುವವರು ಬಹಳ. ಮುಚ್ಚಿಡಬೇಡಿ.

ದೋಣಿ ಹೊರಟಿತು

ದೋಣಿಗಳು ಬಹುಪಾಲು ಹೊರಡುವುದು ಕ್ರಿಶ್ಚಿಯನ್‌ಸ್ಟೆಡ್ ಊರಿನಿಂದ. ದಡದಲ್ಲಿ ಹಳದಿ ಬಣ್ಣದ ಹಳೆಯ ಕೋಟೆ ಕಾಣುತ್ತದೆ. ಡೆನ್ಮಾರ್ಕಿನ ಡೇನರು ಕಟ್ಟಿದ್ದು. ಈ ದ್ವೀಪಗಳನ್ನು ಅವರು 1917ರಲ್ಲಿ ಅಮೆರಿಕಕ್ಕೆ ಎರಡೂವರೆ ಕೋಟಿ ಡಾಲರಿಗೆ ಮಾರಿದರು. ನಮ್ಮ ಪಕ್ಕದ ತಮಿಳುನಾಡಿನ ತರಂಗಂಬಾಡಿಯೂ 1845ರವರೆಗೆ ಇದೇ ಡೇನರ ಕೈಯಲ್ಲಿತ್ತು. ಅದನ್ನು ಮಾರಿದ್ದು ಬ್ರಿಟಿಷರಿಗೆ.

ಹೋಗುವಾಗ ಗಾಳಿ ಎದುರಿನದು, ದೋಣಿ ಕುಣಿಯುತ್ತದೆ. ವಾಂತಿ ಬರುವವರು ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ. ನಿದ್ದೆ ಬರಿಸದ ಮಾತ್ರೆ ಯಾವುದು ಅಂತ ಡಾಕ್ಟರನ್ನೇ ಕೇಳಿ. ಫೋನ್ ನೋಡಬೇಡಿ, ದೂರದ ದಿಗಂತ ನೋಡಿ.

ಗೈಡ್ ಹೇಳುವ ಸನ್ನೆಗಳನ್ನು ಗಮನವಿಟ್ಟು ಕೇಳಿ. ಕೈಯನ್ನು ತಲೆಯ ಮೇಲಿಟ್ಟರೆ 'ಚೆನ್ನಾಗಿದ್ದೇನೆ'. ಕೈ ಎತ್ತಿ ಬೀಸಿದರೆ 'ಕಾಪಾಡಿ'. ನಮ್ಮ ಜೊತೆ ಬಂದಿದ್ದ ಒಬ್ಬರು ನೀರಿನಲ್ಲಿದ್ದುಕೊಂಡು, ದೋಣಿಯ ಮೇಲಿದ್ದ ಮಗಳಿಗೆ ಫೋಟೋ ತೆಗೆ ಅಂತ ಕೈ ಬೀಸಿದರು. ಗೈಡ್ ಧಡಕ್ಕನೆ ನೀರಿಗೆ ಹಾರಿ ಅವರನ್ನು ಹಿಡಿದುಕೊಂಡ. ಇಬ್ಬರಿಗೂ ಮುಜುಗರ.

ನೀರಿನಲ್ಲಿ

ಗಾಳಿ ತುಂಬುವ ಸ್ನಾರ್ಕೆಲ್ ವೆಸ್ಟನ್ನು ಸ್ವಲ್ಪವಾದರೂ ಊದಿಕೊಳ್ಳಿ. ಈಜು ಬರುತ್ತದೆ ಅನ್ನುವ ಜಂಬ ದಡದಲ್ಲೇ ಇರಲಿ. ಕಾಲಿಗೆ ಫಿನ್, ಅಂದರೆ ರಬ್ಬರಿನ ಈಜುರೆಕ್ಕೆ, ಹಾಕಿದ ಮೇಲೆ ನಡೆಯಬೇಕಾದರೆ ಹಿಮ್ಮುಖವಾಗಿ ನಡೆಯಿರಿ. ಏಣಿ ಇಳಿದ ಕೂಡಲೇ ಹೊರಡಬೇಡಿ. ಏಣಿಯನ್ನೋ ಹಗ್ಗವನ್ನೋ ಹಿಡಿದು ಮುಖ ಅದ್ದಿ ಹತ್ತು ಉಸಿರು ಎಣಿಸಿ. ಹತ್ತನೆಯದು ಮೊದಲನೆಯದಕ್ಕಿಂತ ನಿಧಾನವಾಗಿದ್ದರೆ ಆಗ ಕೈ ಬಿಡಿ. ನಾನು ಎಣಿಸಲಿಲ್ಲ. ಬಾವಿಯ ಅಭ್ಯಾಸದಂತೆ ತಲೆ ಎತ್ತಿ ಕೈಕಾಲು ಬಡಿದೆ, ಏದುಸಿರು ಬಂತು, ನಳಿಗೆಯಿಂದ ಗಾಳಿ ಸಾಲಲಿಲ್ಲ. ಗೈಡ್ ಹತ್ತಿರ ಬಂದು ನನ್ನ ಹಣೆಯನ್ನು ಮೆಲ್ಲಗೆ ನೀರಿಗೆ ಒತ್ತಿ, 'ಏನೂ ಮಾಡಬೇಡಿ' ಅಂದ. ಅಷ್ಟೇ ಬೇಕಾಗಿದ್ದದ್ದು.

ಹೆಂಡತಿಯನ್ನು ಇನ್ನೊಬ್ಬ ಗೈಡ್ ತೇಲುಬಳೆ ಹಿಡಿಸಿ ಎಳೆದುಕೊಂಡು ಹೋದ. ತೇರು ಎಳೆದ ಹಾಗೆ.

ಫಲಕ ನೆಟ್ಟ ಆ ನೀರಿನಡಿಯ ಹಾದಿ ಇರುವುದು ದ್ವೀಪದ ಪೂರ್ವ ತುದಿಯಲ್ಲಿ, ದಿಬ್ಬದ ಒಳಗಿನ ಶಾಂತ ನೀರಿನಲ್ಲಿ. ಅಲೆಗಳು ಆಚೆಯೇ ಒಡೆಯುತ್ತಿರುತ್ತವೆ. ಇಲ್ಲಿ ಹೆಸರಾದದ್ದು ಎಲ್ಕ್‌ಹಾರ್ನ್ ಹವಳ. ಕಂದು ಬಣ್ಣದ, ಅಗಲವಾಗಿ ಚಾಚಿದ ಕೊಂಬುಗಳು. ಈಗ ಅವು ಜಾಸ್ತಿ ಉಳಿದಿಲ್ಲ ಅನ್ನುವುದನ್ನು ಮೊದಲೇ ತಿಳಿದಿರಿ. 1970ರ ದಶಕದಿಂದ ರೋಗ, 1989ರಲ್ಲಿ ಹ್ಯೂಗೋ ಚಂಡಮಾರುತ, 2023ರಲ್ಲಿ ಸಮುದ್ರವೇ ಕಾದು ಹವಳಗಳು ಬಿಳಿಚಿಕೊಂಡದ್ದು, ಹೀಗೆ ಒಂದರ ಮೇಲೊಂದು ಏಟು. ಜಾಹೀರಾತಿನ ಚಿತ್ರದಂಥ ಬಣ್ಣ ಹುಡುಕಿದರೆ ನಿರಾಸೆ. ಮುರಿದು ಬಿದ್ದ ಹಳೆಯ ಕೊಂಬಿನ ಮೇಲೆ ಅಂಗೈಯಷ್ಟು ಹೊಸ ಚಿಗುರು ನೋಡಿದರೆ ಬೇರೆಯದೇ ಖುಷಿ.

ಮೀನಿಗೆ ಬರವಿಲ್ಲ. ನೀಲಿ ಟ್ಯಾಂಗ್‌ಗಳು ಕುರಿ ಮಂದೆಯಂತೆ ಮೇಯುತ್ತಾ ಹೋಗುತ್ತವೆ. ಒಂದು ಕ್ಷಣ ಉಸಿರು ನಿಲ್ಲಿಸಿ ಕೇಳಿ, ಕಟಕಟ ಸದ್ದು ಬರುತ್ತದೆ. ಗಿಣಿಮೀನು ಹವಳದ ಕಲ್ಲನ್ನು ಕಡಿಯುವ ಸದ್ದು. ಅದು ತಿಂದು ಹೊರಹಾಕುವ ಪುಡಿಯೇ ದಂಡೆಯ ಬಿಳಿ ಮರಳಿನ ಒಂದು ಪಾಲು. ಬ್ಯಾರಕುಡಾ ಎಂಬ ಉದ್ದನೆಯ ಬೇಟೆಗಾರ ಮೀನು ಹಲ್ಲು ತೋರಿಸುತ್ತಾ ನಿಮ್ಮನ್ನೇ ದಿಟ್ಟಿಸಬಹುದು. ದಿಟ್ಟಿಸಲಿ, ಅದು ಸಣ್ಣ ಮೀನು ಅಂದುಕೊಳ್ಳುವಂಥ ಹೊಳೆಯುವ ಒಡವೆ ಮಾತ್ರ ಹಾಕಿಕೊಂಡು ಇಳಿಯಬೇಡಿ. ತಾಳಿಸರ, ಬಳೆ ಹೋಟೆಲ್ ಲಾಕರಿನಲ್ಲಿರಲಿ. ಆಮೆ ಕಂಡರೆ ಬೆನ್ನಟ್ಟಬೇಡಿ. ಅದು ಉಸಿರಿಗೆ ಮೇಲೆ ಬರಲೇಬೇಕು, ನೀವು ಅಡ್ಡ ನಿಂತರೆ ಹೆದರಿ ಮತ್ತೆ ಮುಳುಗುತ್ತದೆ.

ಎಲ್ಲಕ್ಕಿಂತ ಮುಖ್ಯ: ಸುಸ್ತಾಯಿತು ಅಂತ ಕಾಲು ಊರಬೇಡಿ. ಕೆಳಗಿರುವುದು ಕಲ್ಲಲ್ಲ, ಜೀವ. ಜೊತೆಗೆ ಹವಳ ಗೀರಿದ ಗಾಯ ಬೇಗ ಮಾಯುವುದಿಲ್ಲ. ಬೆನ್ನ ಮೇಲೆ ಮಲಗಿ ಆಕಾಶ ನೋಡಿ, ಸುಧಾರಿಸಿಕೊಳ್ಳಿ.

ದಂಡೆಗೆ ಇಳಿದರೆ

ಟರ್ಟಲ್ ಬೀಚ್‌ನಲ್ಲಿ ನೆರಳು ಹುಡುಕುವಾಗ ಎಚ್ಚರ. ಮ್ಯಾಂಚಿನೀಲ್ ಎಂಬ ಮರವಿದೆ. ಪುಟ್ಟ ಹಸಿರು ಸೇಬಿನಂಥ ಕಾಯಿ, ಆದರೆ ಕಡು ವಿಷ. ಮಲೆನಾಡಿನವರಿಗೆ ಚೇರಿನ ಮರ ಗೊತ್ತಲ್ವಾ? ಅದರ ಅಣ್ಣ ಅಂದುಕೊಳ್ಳಿ. ಮಳೆ ಬಂದಾಗ ಕೆಳಗೆ ನಿಂತರೂ ಮೈ ಬೊಬ್ಬೆ ಏಳುತ್ತದೆ. ಮಕ್ಕಳ ಕೈಗೆ ಕಾಯಿ ಸಿಗದಂತೆ ನೋಡಿಕೊಳ್ಳಿ. ಚಿಪ್ಪು, ಹವಳದ ಚೂರು, ಮರಳು, ಏನನ್ನೂ ಜೇಬಿಗೆ ಹಾಕಬಾರದು.

ವಾಪಸ್ ಬರುವಾಗ ಗಾಳಿ ಬೆನ್ನಿಗೆ. ದೋಣಿ ಜಾರಿದಂತೆ ಸಾಗುತ್ತದೆ. ರಮ್ ಪಂಚ್ ಎಂಬ, ರಮ್ ಬೆರೆಸಿದ ಹಣ್ಣಿನ ರಸ ಕೊಡುವುದು ಸಾಮಾನ್ಯವಾಗಿ ಆಗಲೇ, ನೀರಿಗಿಳಿಯುವ ಕೆಲಸ ಮುಗಿದ ಮೇಲೆ. ಇಳಿಯುವಾಗ ಸಿಬ್ಬಂದಿಗೆ ಟಿಕೆಟ್ ದರದ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಟಿಪ್ಸ್ ಕೊಡುವುದು ಅಲ್ಲಿನ ರೂಢಿ. ಚಿಲ್ಲರೆ ನೋಟು ಒದ್ದೆಯಾಗದ ಚೀಲದಲ್ಲಿಟ್ಟಿರಿ. ಸ್ಕೂಬಾ ಮಾಡಿದವರು ಒಂದು ದಿನವಾದರೂ ವಿಮಾನ ಹತ್ತಬಾರದು, ಸ್ನಾರ್ಕೆಲಿಂಗ್‌ಗೆ ಆ ಕಟ್ಟಳೆ ಇಲ್ಲ. ನಾವು ಮಾರನೆಯ ಬೆಳಗ್ಗೆಯೇ ಹೊರಟೆವು. ಮಂಡಿಯ ಹಿಂಭಾಗಕ್ಕೆ ಸನ್‌ಸ್ಕ್ರೀನ್ ಹಚ್ಚಿರಲಿಲ್ಲ ಅನ್ನುವುದು ನನಗೆ ನೆನಪಾದದ್ದು ವಿಮಾನದ ಸೀಟಿನಲ್ಲಿ ಕೂತಾಗ. ಮಯಾಮಿವರೆಗೂ ನೆನಪಿತ್ತು.