ಕಬಡ್ಡಿಯಲ್ಲಿ ತಲೆಗೆ ಪೆಟ್ಟು ಬಿದ್ದರೆ: ಮೊದಲ ಹತ್ತು ನಿಮಿಷದ ಕೆಲಸ

ಹೊನಲು ಬೆಳಕಿನ ಪಂದ್ಯಗಳಲ್ಲಿ ಇದು ಮಾಮೂಲು. ಆಂಕಲ್ ಹೋಲ್ಡ್‌ಗೆ, ಅಂದರೆ ರೈಡರ್‌ನ ಕಣಕಾಲು ಹಿಡಿಯಲು, ಬಗ್ಗಿದವರ ಕಪಾಳಕ್ಕೆ ಆ ರೈಡರ್‌ನ ಮೊಣಕಾಲು ಬಡಿಯುತ್ತದೆ. ಒಬ್ಬರು ಮುಖಕ್ಕೆ ನೀರು ಎರಚುತ್ತಾರೆ, ಇನ್ನೊಬ್ಬರು ಕತ್ತಿಗೆ ಸ್ಪ್ರೇ ಹೊಡೆಯುತ್ತಾರೆ, ಕೋಚ್ "ಏನೂ ಆಗಿಲ್ಲ, ಏಳು" ಅನ್ನುತ್ತಾರೆ. ಮುಂದಿನ ರೈಡ್‌ಗೆ ಪೆಟ್ಟು ತಿಂದವರು ಮತ್ತೆ ಅಂಕಣದಲ್ಲಿ. ನೀರಾಗಲಿ ಸ್ಪ್ರೇಯಾಗಲಿ ಮಿದುಳಿಗೆ ತಲುಪುವುದಿಲ್ಲ.

ಮಿದುಳು ಬುರುಡೆಯೊಳಗೆ ಜೋರಾಗಿ ಅಲುಗಿ, ಅದರ ಕೆಲಸ ಕೆಲಕಾಲ ಏರುಪೇರಾಗುವುದೇ ಕನ್ಕಶನ್. ಅದಕ್ಕೆ ತಲೆಗೇ ತಾಗಬೇಕೆಂದಿಲ್ಲ. ಎದೆಗೆ ಡ್ಯಾಶ್ (ಮೈಯಿಂದ ಜೋರಾಗಿ ಗುದ್ದಿ ತಳ್ಳುವುದು) ಬಿದ್ದು ಕತ್ತು ಜಾಡಿಸಿದರೂ ಸಾಕು. ಪ್ರಜ್ಞೆ ತಪ್ಪುವುದು ಹೆಚ್ಚೆಂದರೆ ಹತ್ತರಲ್ಲೊಂದು ಸಲ. ಹಾಗಾಗಿ "ಎಚ್ಚರ ಇತ್ತಲ್ಲ" ಎಂಬ ಸಮಾಧಾನಕ್ಕೆ ಬೆಲೆಯಿಲ್ಲ.

ಎಬ್ಬಿಸುವ ಮುನ್ನ

ಕತ್ತು ನೋವು, ಕೈಕಾಲು ಜೋಮು, ಪ್ರಜ್ಞೆಯಿಲ್ಲ: ಇವುಗಳಲ್ಲಿ ಒಂದಿದ್ದರೂ ಎತ್ತಬೇಡಿ. ತಲೆಯನ್ನು ಎರಡೂ ಬದಿಯಿಂದ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ. ನಾಲ್ವರು ಸೇರಿ ಕೈಕಾಲು ಹಿಡಿದು ಹೊತ್ತೊಯ್ಯುವುದು ಇದ್ದುದರಲ್ಲಿ ಅತಿ ಕೆಟ್ಟ ರೂಢಿ. ಇವ್ಯಾವುವೂ ಇಲ್ಲದಿದ್ದರೆ ನಿಧಾನಕ್ಕೆ ಹೊರಗೆ ಕರೆತನ್ನಿ. ಆ ದಿನ ಮತ್ತೆ ಒಳಗಿಲ್ಲ, ಫೈನಲ್ ಆದರೂ.

ಹುಡುಗಿಯರ ಪಂದ್ಯದಲ್ಲಿ ಕಣ್ಣು ಎಲ್ಲಿರಬೇಕು

ತಲೆಗೆ ತಲೆ ಡಿಕ್ಕಿಯಾದರೆ ಸದ್ದು ಕೇಳಿ ಎಲ್ಲರೂ ಓಡುತ್ತಾರೆ. ಹಿಂದಕ್ಕೆ ಬಿದ್ದು, ಕತ್ತು ಚಾಟಿಯಂತೆ ಬೀಸಿ, ತಲೆಯ ಹಿಂಭಾಗ ನೆಲಕ್ಕೆ ತಾಗುವ ಪೆಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಮಹಿಳಾ ರಗ್ಬಿಯಲ್ಲಿ ಇಂಥದ್ದು ಎದ್ದು ಕಂಡಿದೆ. ಮಿಚಿಗನ್‌ನ ಪ್ರೌಢಶಾಲಾ ಫುಟ್‌ಬಾಲ್ ಆಟಗಾರರ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕನ್ಕಶನ್ ಪ್ರಮಾಣ ಹುಡುಗಿಯರಲ್ಲಿ ಸುಮಾರು 1.9 ಪಟ್ಟು ಹೆಚ್ಚಿತ್ತು. ಆದರೆ ಪೆಟ್ಟಾದ ಕೂಡಲೇ ಹೊರಗೆ ಕರೆಸಿಕೊಳ್ಳುವ ಸಾಧ್ಯತೆ ಹುಡುಗರಿಗೇ ಒಂದೂವರೆ ಪಟ್ಟು ಜಾಸ್ತಿ. ಹುಡುಗಿಯರಲ್ಲಿ ಕನ್ಕಶನ್ ಹೆಚ್ಚಿರಲು ಅವರ ಕತ್ತು ಸಣ್ಣದು, ಅದರ ಬಲವೂ ಕಡಿಮೆ ಎಂಬುದು ಒಂದು ಕಾರಣ. ಹುಡುಗರು ಲಕ್ಷಣಗಳನ್ನು ಮುಚ್ಚಿಡುವುದು ಹೆಚ್ಚು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆದ್ದರಿಂದ ಬಿದ್ದ ಹುಡುಗಿಯ ಜಡೆ ಸಡಿಲಿಸಿ, ಕ್ಲಿಪ್ ತೆಗೆದು, ತಲೆಯ ಹಿಂಭಾಗವನ್ನು ಬೆರಳ ತುದಿಯಿಂದ ಹಗುರವಾಗಿ ಮುಟ್ಟಿ ನೋಡಿ. ಊತ ಕೂದಲಡಿಯಲ್ಲೇ ಅಡಗಿರುತ್ತದೆ.

ಪ್ರಶ್ನೆ ಕೇಳುವ ಬಗೆ

ಹೆಚ್ಚಿನವರು ಎಡವುವುದು ಇಲ್ಲೇ. "ಸರಿ ಇದೀಯೇನೋ?" ಎಂದರೆ "ಹೂಂ ಸರ್" ಎಂಬುದೊಂದೇ ಉತ್ತರ. ಹೆಸರು, ಊರು ಕೇಳಿಯೂ ಉಪಯೋಗವಿಲ್ಲ. ಕನ್ಕಶನ್ ಆದವರೂ ಅದನ್ನು ತಡವರಿಸದೆ ಹೇಳುತ್ತಾರೆ. ಅಲುಗಾಡುವುದು ಈಚಿನ ನೆನಪು. ಹೀಗೆ ಕೇಳಿ: ಇದು ಯಾವ ಮೈದಾನ? ಈಗ ಮೊದಲಾರ್ಧವೋ ಎರಡನೆಯದೋ? ಕೊನೆಯ ಪಾಯಿಂಟ್ ಯಾರಿಗೆ ಹೋಯಿತು? ಹಿಂದಿನ ಪಂದ್ಯ ಯಾವ ತಂಡದ ಜತೆ? ಗೆದ್ದಿರಾ, ಸೋತಿರಾ? ಒಂದು ತಪ್ಪಿದರೂ ಆಸ್ಪತ್ರೆಗೆ.

ಆಮೇಲೆ ಐದು ಪದ, ಸೆಕೆಂಡಿಗೊಂದರಂತೆ: ನಿಂಬೆ, ಬಾಗಿಲು, ಕಂಬಳಿ, ಹಸು, ಚಮಚ. ಕೂಡಲೇ ತಿರುಗಿ ಹೇಳಿಸಿ, ಐದು ನಿಮಿಷ ಬಿಟ್ಟು ಮತ್ತೆ ಕೇಳಿ. ಪ್ರತಿಸಲ ಪಟ್ಟಿ ಬದಲಿಸಿ. ಪಕ್ಕದಲ್ಲಿ ನಿಂತ ತಂಡದವರು ಹಳೆಯದನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿಸಿ, ಚಿಕ್ಕ ಮಕ್ಕಳಾದರೆ ವಾರಗಳನ್ನು.

ಕೊನೆಗೆ ಸುಣ್ಣದ ಗೆರೆಯ ಮೇಲೆ ಮೂರು ಮೀಟರ್ ನಡಿಗೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ. ಮ್ಯಾಟ್ ಮೇಲೆ ಬೇಡ, ಮೆತ್ತಗಿರುವುದರಿಂದ ಯಾರಾದರೂ ಓಲಾಡುತ್ತಾರೆ. ಏದುಸಿರು ತಗ್ಗುವವರೆಗೂ ಕಾಯಿರಿ.

ಎಲ್ಲಕ್ಕೂ ಸರಿಯುತ್ತರ ಬಂತೆಂದು ಆಟಕ್ಕೆ ಬಿಡಬೇಡಿ. ಲಕ್ಷಣ ಕೆಲವು ಗಂಟೆ ಬಿಟ್ಟು, ಮರುದಿನವೂ ಬರಬಹುದು. ಉತ್ತರಗಳನ್ನು ಗಂಟೆ ಸಮೇತ ಬರೆದಿಟ್ಟರೆ ವೈದ್ಯರಿಗೆ ಅದೇ ದೊಡ್ಡ ಸಹಾಯ. ಪದೇಪದೇ ವಾಂತಿ, ಫಿಟ್ಸ್, ಎರಡೆರಡು ಕಾಣುವುದು, ಏರುತ್ತಲೇ ಇರುವ ತಲೆನೋವು, ಮಂಪರು ಅಥವಾ ರೇಗಾಟ ಕಂಡರೆ ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ, ಆಂಬುಲೆನ್ಸ್ ಕರೆಸಿ.

ಮನೆಯಲ್ಲಿ

ಮೊದಲ ಮೂರು ಗಂಟೆಯಾದರೂ ಒಂಟಿಯಾಗಿ ಬಿಡಬಾರದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಭಯವಿದೆ. ಎರಡು ದಿನ ಮೊಬೈಲ್ ಕಡಿಮೆ, ಮದ್ಯ ಪೂರ್ತಿ ಬಂದ್. ವೈದ್ಯರು ನೋಡಿ ಕಳಿಸಿದ್ದರೆ ರಾತ್ರಿಯಿಡೀ ಎಚ್ಚರ ಇರಿಸುವ ಹಳೇ ಪದ್ಧತಿ ಅನಗತ್ಯ. ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂದರೆ ರಕ್ತಸ್ರಾವ ಇಲ್ಲವೆಂದಷ್ಟೇ ಅರ್ಥ. ಕನ್ಕಶನ್ ಅದರಲ್ಲಿ ಕಾಣಿಸುವುದಿಲ್ಲ. ಕೆಲವು ಹುಡುಗಿಯರಲ್ಲಿ ಪೆಟ್ಟಿನ ನಂತರ ಮುಟ್ಟು ಏರುಪೇರಾಗುವುದುಂಟು. ಮನೆಯ ಹೆಂಗಸರು ಅದನ್ನು ವಿಚಾರಿಸಿ ವೈದ್ಯರಿಗೆ ಹೇಳಲಿ.

ಮರಳಿ ಮ್ಯಾಟ್‌ಗೆ

ಒಂದೆರಡು ದಿನ ವಿಶ್ರಾಂತಿ, ಆದರೆ ಹಾಸಿಗೆ ಹಿಡಿಯುವಷ್ಟಲ್ಲ. ಬಳಿಕ ನಡಿಗೆ, ಹಗುರ ಓಟ, ಖಾಲಿ ಮ್ಯಾಟ್‌ನಲ್ಲಿ ಫುಟ್‌ವರ್ಕ್. ತಲೆನೋವು, ತಲೆಸುತ್ತು ಪೂರ್ತಿ ನಿಂತು ವೈದ್ಯರು ಒಪ್ಪಿದ ಮೇಲೆ ತಂಡದ ಜತೆ ಮೈ ತಾಗಿಸದ ಅಭ್ಯಾಸ, ಆಮೇಲೆ ಕ್ಯಾಚಿಂಗ್, ಕೊನೆಗೆ ಪಂದ್ಯ. ಪ್ರತಿ ಹಂತಕ್ಕೆ ಕನಿಷ್ಠ 24 ಗಂಟೆ. ತಲೆನೋವು ಹೆಚ್ಚಿದರೆ ಆ ದಿನದ ಅಭ್ಯಾಸಕ್ಕೆ ಅಲ್ಲಿಗೇ ಮಂಗಳ. ಮಕ್ಕಳಿಗೆ ಇದೆಲ್ಲ ಮುಗಿಯಲು ತಿಂಗಳೇ ಹಿಡಿಯಬಹುದು. ಹುಡುಗಿಯರ ಚೇತರಿಕೆ ನಿಧಾನ ಎಂಬ ಮಾತಿದೆ. ಬೇಗ ಆರೈಕೆ ಸಿಕ್ಕಲ್ಲಿ ಈ ಅಂತರ ಕರಗಿದ್ದೂ ಕಂಡಿದೆ.

"ಕನ್ಕಶನ್ ತಡೆಯುತ್ತದೆ" ಎಂದು ಮಾರುವ ಸ್ಪಂಜಿನ ತಲೆಪಟ್ಟಿಗೆ ದುಡ್ಡು ಸುರಿಯಬೇಡಿ. ಅದು ಗಾಯ ತಪ್ಪಿಸೀತು, ಒಳಗಿನ ಅಲುಗಾಟವನ್ನಲ್ಲ. ಬಾಕ್ಸಿಂಗ್‌ನಲ್ಲಂತೂ ಹಿರಿಯ ಪುರುಷರ ಹೆಡ್‌ಗಾರ್ಡನ್ನು 2013ರಲ್ಲೇ ತೆಗೆಸಿದರು, ಮಹಿಳೆಯರು 2024ರ ಪ್ಯಾರಿಸ್‌ನಲ್ಲೂ ಧರಿಸಿದ್ದರು. ಆ ತಲೆಪಟ್ಟಿಗಿಂತ ಕತ್ತಿನ ವ್ಯಾಯಾಮ ಮೇಲು. ಅಮೆರಿಕದ ಪ್ರೌಢಶಾಲಾ ಆಟಗಾರರಲ್ಲಿ ಕತ್ತಿನ ಬಲ ಒಂದೊಂದು ಪೌಂಡ್ ಹೆಚ್ಚಿದ್ದಷ್ಟೂ ಕನ್ಕಶನ್ ಸಾಧ್ಯತೆ ಶೇ 5ರಷ್ಟು ಕಡಿಮೆ ಕಂಡಿತ್ತು. ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ ಐದು ಸೆಕೆಂಡ್ ತಡೆದು ಹಿಡಿಯಿರಿ. ಹೀಗೆ ಹತ್ತು ಸಲ, ನಾಲ್ಕೂ ಬದಿಗೆ, ವಾರಕ್ಕೆ ಮೂರು ದಿನ. ತಲೆಯನ್ನು ನೆಲಕ್ಕೂರಿ, ಮೈಭಾರವನ್ನು ಅದರ ಮೇಲೆ ಹಾಕಿ ಮಾಡುವ ಕುಸ್ತಿ ಸೇತುವೆಯನ್ನು ಶಾಲಾ ಮಕ್ಕಳಿಗೆ ಹೇಳಿಕೊಡಬೇಡಿ.