ಚೌಡಿಕೆಗೆ ಹೋದ ಅಪ್‌ಗ್ರೇಡ್ ಹಣ

ಕಂಪ್ಯೂಟರಿನಲ್ಲಿ ಸಂಗೀತ ಮಾಡಲು ಬೇಕಾದ ಪ್ಲಗಿನ್‌ಗಳ, ಅಂದರೆ ಸಾಫ್ಟ್‌ವೇರ್ ವಾದ್ಯ ಮತ್ತು ಎಫೆಕ್ಟ್‌ಗಳ, ಬಂಡಲ್ ಕಂಪ್ಲೀಟ್ 11 ಕೊಂಡದ್ದು 2017ರ ಕೊನೆಯಲ್ಲಿ. ಮರುವರ್ಷವೇ 12 ಬಂತು. 2020ರಲ್ಲಿ 13, 2022ರಲ್ಲಿ 14, 2024ರಲ್ಲಿ 15. ಹೊಸ ಆವೃತ್ತಿ ಬಂದಾಗಲೆಲ್ಲ ಬೆಳಗಾವಿಯ ಗೆಳೆಯನೊಬ್ಬ ತಪ್ಪದೆ ಫೋನ್ ಮಾಡುತ್ತಿದ್ದ. ‘ಈ ಸಲವಾದರೂ ಅಪ್‌ಗ್ರೇಡ್ ಮಾಡು, ಇಲ್ಲದಿದ್ದರೆ ಆ ಹಳೆಯ ಪ್ಲಗಿನ್‌ಗಳ ಜೊತೆ ನೀನೂ ಮೂಲೆಗೆ ಬೀಳುತ್ತೀಯ’ ಎನ್ನುತ್ತಿದ್ದ. ಏಳು ವರ್ಷ ಮಾಡಲಿಲ್ಲ. ಈ ಸಲದ ಬನಶಂಕರಿ ಜಾತ್ರೆಯಲ್ಲಿ ಒಂದು ನಾಟಕ ಕಂಪನಿಯ ಹಾಡು ಮತ್ತು ಹಿನ್ನೆಲೆ ಸಂಗೀತ ಅಷ್ಟೂ ಬನಹಟ್ಟಿಯ ನನ್ನ ಕೋಣೆಯಿಂದಲೇ ಹೋಗಿತ್ತು. ಗೆಳೆಯ ನಾಟಕ ನೋಡಲು ಬಂದಿದ್ದ. ಎರಡನೆಯ ಅಂಕ ಮುಗಿಯುವ ಮೊದಲೇ ಎದ್ದು ನನ್ನ ಹತ್ತಿರ ಬಂದು, ‘ಈ ಚೌಡಿಕೆ ಯಾವ ಲೈಬ್ರರಿಯದು?’ ಎಂದು ಕೇಳಿದ. ಚೌಡಿಕೆ ಎಂದರೆ ಎಲ್ಲಮ್ಮನ ಹಾಡುಗಳ ತಂತಿವಾದ್ಯ, ಲೈಬ್ರರಿ ಎಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯದ ನಾದಗಳ ಸಂಗ್ರಹ. ಅಂದೇ ಇದನ್ನು ಬರೆಯಬೇಕೆಂದುಕೊಂಡೆ.

ಮೊದಲು ಲೆಕ್ಕದ ಮಾತು. 13 ಬಂದಾಗ ನನಗೂ ಆಸೆಯಾಗಿತ್ತು. ಹಣ ಕಟ್ಟುವ ಮೊದಲು ಒಂದು ರಾತ್ರಿ ಕುಳಿತು, ಅಷ್ಟು ವರ್ಷ ಮಾಡಿದ ಹಾಡುಗಳಲ್ಲಿ ಏನೇನು ಬಳಸಿದ್ದೇನೆ ಎಂದು ನೋಡಿದೆ. ನಾನು ಕೆಲಸ ಮಾಡುವುದು ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ. ಅದರ ಪ್ರಾಜೆಕ್ಟ್ ಕಡತ ಬರೀ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಯಾವ ಟ್ರ್ಯಾಕ್‌ನಲ್ಲಿ ಯಾವ ಪ್ಲಗಿನ್ ಕುಳಿತಿದೆ ಎಂಬುದು ಸಾಲು ಸಾಲಾಗಿ ಸಿಗುತ್ತದೆ. ಅರವತ್ತರ ಮೇಲೆ ಎರಡೋ ಮೂರೋ ಪ್ರಾಜೆಕ್ಟ್‌ಗಳಿದ್ದವು. ಬಂಡಲ್‌ನಲ್ಲಿದ್ದ ಸುಮಾರು 45 ಉತ್ಪನ್ನಗಳಲ್ಲಿ ನನ್ನ ಕೈ ಮುಟ್ಟಿದ್ದು ಏಳನ್ನು. ರೆಕಾರ್ಡ್ ಮಾಡಿಟ್ಟ ನಾದಗಳನ್ನು ನುಡಿಸುವ ಕಾಂಟ್ಯಾಕ್ಟ್ ಎಲ್ಲ ಹಾಡುಗಳಲ್ಲೂ ಇತ್ತು. ನಾದ ಹುಟ್ಟಿಸುವ ಸಿಂಥ್‌ಗಳಲ್ಲಿ ಮ್ಯಾಸಿವ್ ಇಪ್ಪತ್ತರಲ್ಲಿ, ಎಫ್‌ಎಂ8 ಹತ್ತು ಹನ್ನೊಂದರಲ್ಲಿ. ಮಿಕ್ಕವು ಒಂದೆರಡು ಕಡೆ ಮಾತ್ರ. ರಿಯಾಕ್ಟರ್ ಒಂದರಲ್ಲೂ ಇರಲಿಲ್ಲ. ಕಾಂಟ್ಯಾಕ್ಟ್‌ನೊಳಗೂ ಬಳಸಿದ್ದು ಪಿಟೀಲುಗಳ ಗುಂಪು, ಕೊಳಲು ಮತ್ತು ಒಂದು ಪಿಯಾನೊ, ಅಷ್ಟೆ.

ಮ್ಯಾಸಿವ್ ಮಾಡುತ್ತಿದ್ದ ಕೆಲಸವನ್ನು ವೈಟಲ್ ಅಷ್ಟೇ ಚೆನ್ನಾಗಿ ಮಾಡುತ್ತದೆ, ಅದು ಉಚಿತ. ಸರ್ಜ್ ಎಕ್ಸ್‌ಟಿ ಕೂಡ ಉಚಿತ. ಹಳೆಯ ಯಮಾಹಾ ಕೀಬೋರ್ಡ್ ಡಿಎಕ್ಸ್7ರ ಗಂಟೆಯ ನಾದ ಬೇಕೆಂದರೆ ಡೆಕ್ಸ್‌ಡ್ ಇದೆ. ಹೀಗಿರುವಾಗ ಸುಮಾರು 199 ಡಾಲರ್, ಅದರ ಮೇಲೆ ಶೇಕಡಾ 18 ತೆರಿಗೆ, ಬ್ಯಾಂಕಿನ ಪರಿವರ್ತನೆ ಶುಲ್ಕ ಎಲ್ಲ ಸೇರಿಸಿ ಹದಿನೇಳು ಹದಿನೆಂಟು ಸಾವಿರ ಕೊಟ್ಟು ನನಗೆ ಬರುವುದೇನು? ನನ್ನ ಹಾಡುಗಳಿಗೆ ಬೇಕಾದದ್ದು ಸಂಬಾಳ, ಚೌಡಿಕೆ, ತುಂತುಣಿ, ದಪ್ಪು, ಕರಡಿ ವಾದ್ಯ. ತಬಲಾ ಮತ್ತು ಸಿತಾರ್ ಇರುವ ಲೈಬ್ರರಿಗಳನ್ನು ಎಷ್ಟೋ ನೋಡಿದೆ. ನಮ್ಮ ಚೌಡಿಕೆ ಒಂದರಲ್ಲೂ ಸಿಗಲಿಲ್ಲ. ಗಿರಾಕಿಗಳು ಕೇಳುತ್ತಿದ್ದುದು ಅದನ್ನೇ. ಸವದತ್ತಿ ಎಲ್ಲಮ್ಮನ ಹಾಡಿಗೆ ಗಿಟಾರ್ ಹಾಕಿಕೊಟ್ಟರೆ ಯಾರು ಒಪ್ಪುತ್ತಾರೆ?

ಇನ್ನೊಂದು ಸಂಗತಿ ನನ್ನ ಖಾತೆಯಲ್ಲೇ ಕಂಡಿತು. 12ರಿಂದ ಬರುವವನಿಗೂ 11ರಿಂದ ಬರುವ ನನಗೂ ಸ್ಟ್ಯಾಂಡರ್ಡ್ ಆವೃತ್ತಿಯ ಅಪ್‌ಡೇಟ್ ದರ ಒಂದೇ ಆಗಿತ್ತು. ನಡುವಿನ ಆವೃತ್ತಿ ಬಿಟ್ಟವನಿಗೆ ದಂಡವಿರಲಿಲ್ಲ. ಹಾಗಾಗಿ ಪ್ರತಿ ಸಲ ಕಟ್ಟುವವನು ನನಗಿಂತ ಮುಂದೆ ಹೋಗುವುದಿಲ್ಲ, ಹೆಚ್ಚು ಹಣ ಕೊಟ್ಟಿರುತ್ತಾನೆ ಅಷ್ಟೆ. 12, 13, 14 ಮೂರನ್ನೂ ಬಿಟ್ಟದ್ದರಿಂದ ಐವತ್ತು ಸಾವಿರದ ಹತ್ತಿರ ಉಳಿಯಿತು. ಆ ಹಣದಲ್ಲಿ ನಮ್ಮ ವಾದ್ಯಗಳನ್ನು ನಾನೇ ಸ್ಯಾಂಪಲ್ ಮಾಡುವುದೆಂದು, ಅಂದರೆ ನಾದವನ್ನು ತುಣುಕು ತುಣುಕಾಗಿ ರೆಕಾರ್ಡ್ ಮಾಡಿ ಕೀಬೋರ್ಡಿನಿಂದ ನುಡಿಸುವಂತೆ ಮಾಡುವುದೆಂದು ನಿರ್ಧರಿಸಿದೆ. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ‘ಬನಹಟ್ಟಿಯಲ್ಲಿ ರೆಕಾರ್ಡಿಂಗೇ?’

ಬನಹಟ್ಟಿ ಗೊತ್ತಿದ್ದವರಿಗೆ ಆ ಪ್ರಶ್ನೆ ಅರ್ಥವಾಗುತ್ತದೆ. ನಮ್ಮ ಓಣಿಯಲ್ಲಿ ಎಡಕ್ಕೂ ಬಲಕ್ಕೂ ಹಿಂದಕ್ಕೂ ಪವರ್‌ಲೂಮ್. ಖಟಖಟ ಎಂಬುದು ಗೋಡೆಯಲ್ಲಿ, ನೆಲದಲ್ಲಿ, ಕುಡಿಯುವ ನೀರಿನ ತಂಬಿಗೆಯಲ್ಲೂ ಇರುತ್ತದೆ. ಹಾಡುಗಾರನ ದನಿಯನ್ನು ಮೈಕಿಗೆ ಬಾಯಿ ಹಚ್ಚಿ ಹೇಗೋ ಹಿಡಿಯಬಹುದು. ಚೌಡಿಕೆಯ ತಂತಿ ಮಿಡಿದು ನಾದ ಕರಗುವವರೆಗೆ ಮೂರು ಸೆಕೆಂಡ್ ಮೌನ ಬೇಕು. ಆ ಮೌನ ನಮ್ಮ ಊರಿನಲ್ಲಿ ಇರಲಿಲ್ಲ. ಮೊದಲ ವರ್ಷ ಗೋಡೆಗೆ ಕೌದಿ ಕಟ್ಟಿದೆ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದೆ. ಶಬ್ದ ತೆಗೆಯುವ ಪ್ಲಗಿನ್ ಒಂದನ್ನು ನಾಲ್ಕು ಸಾವಿರ ಕೊಟ್ಟು ತಂದೆ. ಮಗ್ಗದ ಶಬ್ದ ಹೋಯಿತು, ಅದರೊಂದಿಗೆ ಚೌಡಿಕೆಯ ಕರಕರವೂ ಹೋಯಿತು. ಆ ಕರಕರವಿಲ್ಲದ ಚೌಡಿಕೆ ತಗಡಿನ ಡಬ್ಬಿಗೆ ಕಟ್ಟಿದ ತಂತಿಯಂತಾಗುತ್ತದೆ. ಕಲಾವಿದರಿಗೆ ಕೊಟ್ಟ ಆರು ಸಾವಿರವೂ ವ್ಯರ್ಥವಾಯಿತು.

ದಾರಿ ಸಿಕ್ಕಿದ್ದು ಒಂದು ಮಧ್ಯಾಹ್ನ ಕರೆಂಟ್ ಹೋದಾಗ. ಒಮ್ಮೆಲೇ ಓಣಿಯ ಮಗ್ಗಗಳೆಲ್ಲ ನಿಂತವು. ನನ್ನ ಫ್ಯಾನೂ ನಿಂತಿತು. ಎರಡು ಮನೆಯಾಚೆ ಯಾರೋ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಆಡಿಯೊ ಇಂಟರ್‌ಫೇಸ್‌ಗೆ ಯುಎಸ್‌ಬಿಯಿಂದಲೇ ವಿದ್ಯುತ್, ಮೈಕಿಗೆ ಬೇಕಾದ 48 ವೋಲ್ಟ್ ಕೂಡ ಅಲ್ಲಿಂದಲೇ. ಸುಮ್ಮನೆ ರೆಕಾರ್ಡ್ ಒತ್ತಿ ನೋಡಿದೆ. ಮೀಟರ್ ತಳಕ್ಕೆ ಅಂಟಿಕೊಂಡಿತು. ಇನ್ವರ್ಟರಿನ ಗುಂಯ್ ಇಲ್ಲ, ಅರ್ತಿಂಗ್ ತೊಂದರೆಯೂ ಇಲ್ಲ. ಎಂಟು ವರ್ಷದಲ್ಲಿ ನನ್ನ ಕೋಣೆ ಅಷ್ಟು ಸ್ವಚ್ಛವಾಗಿ ಕೇಳಿದ್ದು ಅದೇ ಮೊದಲು.

ಅಂದಿನಿಂದ ದಿನಪತ್ರಿಕೆಯ ‘ವಿದ್ಯುತ್ ವ್ಯತ್ಯಯ’ ಪ್ರಕಟಣೆಯೇ ನನ್ನ ಸ್ಟುಡಿಯೊದ ಕ್ಯಾಲೆಂಡರ್. ದುರಸ್ತಿಗಾಗಿ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಕರೆಂಟ್ ಇಲ್ಲವೆಂದು ಬಂದರೆ ಆ ದಿನ ಕಲಾವಿದರನ್ನು ಕರೆಸುತ್ತೇನೆ. ನನ್ನ ಲ್ಯಾಪ್‌ಟಾಪ್ ಎರಡೂವರೆ ಗಂಟೆ ತಾಳುತ್ತದೆ. ಪರದೆಯ ಬೆಳಕು ಪೂರ್ತಿ ಇಳಿಸಿ, ವೈಫೈ ಆರಿಸಿ, ಪ್ಲಗಿನ್ ಒಂದನ್ನೂ ತೆರೆಯದೆ ಬರೀ ರೆಕಾರ್ಡ್ ಮಾಡಿದರೆ ಮೂರು ಗಂಟೆಯ ಹತ್ತಿರ ಬರುತ್ತದೆ. ಇನ್ನೂ ಹೆಚ್ಚು ಹೊತ್ತು ಎಳೆಯಲು ಒಂದು ಏರ್ಪಾಡು ಮಾಡಿಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಂಬಾಳ, ದಪ್ಪು, ತುಂತುಣಿ ಮೂರೂ ಎರಡು ಇಂಥ ದಿನಗಳಲ್ಲಿ ಮುಗಿದವು. ಸಂಬಾಳಕ್ಕೆ ಐದು ಹಂತದ ಏಟು, ಹಂತಕ್ಕೆ ಎಂಟು ಸರದಿ. ಗೊಂದಲಿಗರ ಹಿರಿಯರೊಬ್ಬರು ಬೇಸರವಿಲ್ಲದೆ ನಾಲ್ಕು ತಾಸು ಬಾರಿಸಿದರು. ಈ ಸರದಿ, ಅಂದರೆ ರೌಂಡ್ ರಾಬಿನ್, ಎಂಟಕ್ಕಿಂತ ಕಡಿಮೆಯಾದರೆ ಸಂಬಾಳದ ವೇಗದ ನಡೆಯಲ್ಲಿ ಒಂದೇ ಏಟು ಮರಳಿ ಬಂದದ್ದು ತಿಳಿದುಬಿಡುತ್ತದೆ. ಡೊಳ್ಳನ್ನು ಮಾತ್ರ ಕೋಣೆಯಲ್ಲಿ ಹಿಡಿಯಲಾಗಲಿಲ್ಲ, ತಗ್ಗಿನ ನಾದ ಮೂಲೆಯಲ್ಲಿ ಗುಡ್ಡೆ ಬೀಳುತ್ತಿತ್ತು. ಊರ ಹೊರಗಿನ ಕಾಕಾನ ಹೊಲದಲ್ಲಿ, ಕಬ್ಬು ಕಡಿದ ಮೇಲೆ ಬಯಲಿನಲ್ಲಿ ಮಾಡಿದೆ.

ಚೌಡಿಕೆ ಎರಡು ವರ್ಷ ತಿಂದಿತು. ತಪ್ಪು ನಾನು ಹಿಡಿದ ಕ್ರಮದಲ್ಲಿತ್ತು. ಪಿಯಾನೊ ಸ್ಯಾಂಪಲ್ ಮಾಡಿದಂತೆ ಸ, ರೆ, ಗ ಎಂದು ಒಂದೊಂದೇ ಸ್ವರ ಹಿಡಿದೆ. ಕೀಬೋರ್ಡಿನಲ್ಲಿ ನುಡಿಸಿದರೆ ಸತ್ತ ವಾದ್ಯ. ಚೌಡಿಕೆ ಹಿಡಿದು ಐವತ್ತು ವರ್ಷ ಹಾಡಿದ ಜೋಗತಿಯೊಬ್ಬರನ್ನು ಕರೆಸಿದ್ದೆ. ಅದನ್ನು ಕೇಳಿಸಿದಾಗ ಅವರು, ‘ಒಂದೊಂದೇ ಸ್ವರಕ್ಕೆ ನಿಲ್ಲಿಸಿದರೆ ಇದು ಮಾತಾಡುವುದಿಲ್ಲಪ್ಪಾ, ತೊದಲುತ್ತದೆ. ಎಳೆದು ಬಿಡುವಾಗ ಇದರ ಮಾತು ಇರುತ್ತದೆ’ ಎಂದರು. ಎಡಗೈಯಲ್ಲಿ ತಂತಿಯ ಬಿಗಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ತೋರಿಸಿದರು. ಒಂದೇ ಮಿಡಿತದಲ್ಲಿ ಸ್ವರ ಕೆಳಗಿನಿಂದ ಹತ್ತಿ, ಮೇಲೆ ಮುಟ್ಟಿ, ಅರ್ಧಕ್ಕೆ ಇಳಿದು ನಿಂತಿತು. ನಾನು ಅಷ್ಟು ದಿನ ಕತ್ತರಿಸಿ ಎಸೆದದ್ದು ಆ ಏರಿಳಿತವನ್ನೇ.

ಮುಂದಿನ ವ್ಯತ್ಯಯದ ದಿನ ಅವರಿಂದ ಬರೀ ಎಳೆತಗಳನ್ನು ಹಿಡಿದೆ. ಏರು, ಇಳಿ, ಏರಿ ಇಳಿ, ಗಕ್ಕನೆ ನಿಲ್ಲಿಸುವುದು, ಪ್ರತಿಯೊಂದೂ ಮೂರು ಲಯದಲ್ಲಿ. ಒಟ್ಟು ಇನ್ನೂರೈವತ್ತರ ಆಸುಪಾಸು ತುಣುಕುಗಳು. ಅವನ್ನು ಕಾಂಟ್ಯಾಕ್ಟ್ 5ರಲ್ಲಿ ಜೋಡಿಸಿ, ಕೆಳಗಿನ ಕೀಲಿಗಳಿಂದ ಎಳೆತದ ಬಗೆಯನ್ನೂ ಮೇಲಿನ ಕೀಲಿಗಳಿಂದ ಮುಟ್ಟಬೇಕಾದ ಸ್ವರವನ್ನೂ ಆರಿಸುವಂತೆ ಮಾಡಿದೆ. ಒಂದು ತುಣುಕಿನಿಂದ ಇನ್ನೊಂದಕ್ಕೆ ಹೋಗುವಾಗ ಸಂದು ಕಾಣದಂತೆ ಮಾಡಲು ಏನು ಮಾಡಿದೆ ಎಂಬುದು ನನ್ನ ಅನ್ನದ ಗುಟ್ಟು. ಇಷ್ಟು ಹೇಳಬಲ್ಲೆ: ಉತ್ತರ ಒಂದು ತುಣುಕನ್ನು ಇಳಿಸುತ್ತ ಇನ್ನೊಂದನ್ನು ಏರಿಸುವ ಕ್ರಾಸ್‌ಫೇಡ್‌ನಲ್ಲಿ ಇಲ್ಲ, ತಂತಿ ಮುಟ್ಟುವ ಕಡ್ಡಿಯ ಸದ್ದಿನಲ್ಲಿದೆ. ಹೊಸ ಆವೃತ್ತಿ ಇಲ್ಲದೆ ಇದು ಆಗುವುದಿಲ್ಲ ಎಂದಿದ್ದರು. 2016ರಲ್ಲಿ ಬಂದಿದ್ದ ಬಂಡಲ್‌ನ ಕಾಂಟ್ಯಾಕ್ಟ್ ಇಷ್ಟನ್ನೂ ನಿರಾಯಾಸವಾಗಿ ಮಾಡಿತು.

ಈ ನಡುವೆ ಮಾಡಿದ ಎರಡು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಮಗ್ಗದ ಸದ್ದಿನೊಂದಿಗೆ ಜಗಳವಾಡುವುದನ್ನು ಬಿಟ್ಟು ಅದನ್ನೇ ಹತ್ತಿರದಿಂದ ರೆಕಾರ್ಡ್ ಮಾಡಿದೆ. ಪಕ್ಕದ ಮನೆಯ ಮಗ್ಗ ನಿಮಿಷಕ್ಕೆ 130 ಏಟಿನ ಆಸುಪಾಸು ನಡೆಯುತ್ತದೆ, ಟ್ರ್ಯಾಕ್ಟರ್ ಹಾಡಿಗೆ ಅಳತೆ ಮಾಡಿಸಿದಂತಿದೆ. ತಗ್ಗಿನ ನಾದಕ್ಕೆ ವೈಟಲ್, ಅದರ ಕೆಳಗೆ ಕಾಕಾನ ಹೊಲದ ಡೊಳ್ಳು, ಮೇಲೆ ಮಗ್ಗ. ಕಬ್ಬು ಸಾಗಿಸುವ ಹಂಗಾಮಿನಲ್ಲಿ ಎರಡು ಹಾಡು ಚೆನ್ನಾಗಿ ಓಡಿದವು. ಟ್ರ್ಯಾಕ್ಟರಿನ ದೊಡ್ಡ ಸ್ಪೀಕರ್‌ಗಳಲ್ಲಿ ಕೇಳದೆ ಅಂಥ ಹಾಡಿನ ಮಿಕ್ಸ್ ಮುಗಿಸಬಾರದು. ಹೆಡ್‌ಫೋನ್‌ನಲ್ಲಿ ಸರಿ ಕಂಡ ಡೊಳ್ಳು ಅಲ್ಲಿ ಹಾಡುಗಾರನನ್ನು ನುಂಗಿಬಿಡುತ್ತದೆ.

ಇನ್ನೊಂದು, ರಿವರ್ಬ್. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯ ಅನುರಣನ ಹಿಡಿಯಬೇಕೆಂದು ಎರಡು ಸಲ ವಿಜಯಪುರಕ್ಕೆ ಹೋದೆ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋದರೂ ಮೇಲೆ ಹತ್ತಿದವರೆಲ್ಲ ಕೂಗಿ ನೋಡುತ್ತಾರೆ, ನೋಡಲೇಬೇಕು. ಸಿಕ್ಕಿದ್ದು ಶಾಲಾ ಮಕ್ಕಳ ಕೇಕೆ. ಬಸ್ಸಿನಲ್ಲಿ ಮರಳುವಾಗ ಕಾಕಾನ ಹಳೆಯ ಮನೆಯ ಹಗೇವು, ನೆಲದೊಳಗಿನ ಕಾಳಿನ ಗುಂಡಿ, ನೆನಪಾಯಿತು. ಜೋಳ ತುಂಬುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹಗೇವಿನ ಗಾಳಿ ಕೆಟ್ಟಿರುತ್ತದೆ, ಒಮ್ಮೆಲೇ ಇಳಿಯಬಾರದು. ಎರಡು ದಿನ ಬಾಯಿ ತೆರೆದಿಟ್ಟೆವು. ನಾನು ಇಳಿಯಲೂ ಇಲ್ಲ, ಮೈಕನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಉದ್ದ ಕೋಲಿನ ತುದಿಯ ಸೂಜಿಯಿಂದ ಬಲೂನು ಒಡೆದೆ. ಆ ಸದ್ದನ್ನು ರೀಪರ್‌ನ ರಿಯಾವರ್ಬ್‌ಗೆ ಕೊಟ್ಟರೆ ಗಿಡ್ಡ, ಬೆಚ್ಚಗಿನ, ಮಣ್ಣಿನ ಅನುರಣನ. ತತ್ವಪದ ಹಾಡುವವರ ದನಿಗೆ ಅದಕ್ಕಿಂತ ಚೆಂದದ್ದು ನನಗೆ ಯಾವ ಬಂಡಲ್‌ನಲ್ಲೂ ಸಿಕ್ಕಿಲ್ಲ.

ಪೆಟ್ಟು ತಿಂದ ಕಥೆಯೂ ಇದೆ. ದನಿಗೆ ಬಳಸುವ ಬೇರೊಂದು ಕಂಪನಿಯ ಬಂಡಲ್ ಇತ್ತು, ಹೆಸರು ಬೇಡ. ಅದನ್ನು ರಿಯಾಯಿತಿ ಕಂಡು ಅಪ್‌ಗ್ರೇಡ್ ಮಾಡಿದೆ. ಹಳೆಯ ಆವೃತ್ತಿ ತಾನೇ ಅಳಿಸಿಹೋಯಿತು, ಹೊಸದನ್ನು ಹಳೆಯ ಪ್ರಾಜೆಕ್ಟ್‌ಗಳು ಗುರುತಿಸಲಿಲ್ಲ. ಭಜನಾ ಮಂಡಳಿಯ ಎಂಟು ಹಾಡು ಎರಡು ದಿನದಲ್ಲಿ ಕೊಡಬೇಕಿತ್ತು. ದನಿಯ ಎಲ್ಲ ಹೊಂದಿಕೆಯೂ ಖಾಲಿ. ಹನ್ನೆರಡು ಸಾವಿರದ ಕೆಲಸ ಕೈಬಿಟ್ಟಿತು, ಮಂಡಳಿಯ ಅಜ್ಜನವರ ಮುಂದೆ ತಲೆ ಎತ್ತಲಾಗಲಿಲ್ಲ. ಈಗ ಯಾವ ಹಾಡು ಮುಗಿದರೂ ಪ್ರತಿ ಟ್ರ್ಯಾಕನ್ನೂ ಎರಡು ಸಲ ವೇವ್ ಕಡತವಾಗಿ ಇಳಿಸಿಡುತ್ತೇನೆ, ಎಫೆಕ್ಟ್ ಸಹಿತ ಒಮ್ಮೆ, ಎಫೆಕ್ಟ್ ಇಲ್ಲದೆ ಒಮ್ಮೆ. ಹಳೆಯ ಡೆಸ್ಕ್‌ಟಾಪ್‌ಗೆ ಇಂಟರ್‌ನೆಟ್ ತೋರಿಸಿಯೇ ನಾಲ್ಕು ವರ್ಷವಾಯಿತು, ಅದರ ಡಿಸ್ಕಿನ ನಕಲು ಬೀರುವಿನಲ್ಲಿದೆ.

ಕೊನೆಗೆ 2025ರ ಜೂನ್‌ನಲ್ಲಿ ಅಪ್‌ಗ್ರೇಡ್ ಮಾಡಿದೆ. ಹುಬ್ಬಳ್ಳಿಯ ನಿರ್ಮಾಪಕರೊಬ್ಬರು ಕಳಿಸಿದ ಲೈಬ್ರರಿ ಕಾಂಟ್ಯಾಕ್ಟ್ 7ರಲ್ಲಿ ಮಾಡಿದ್ದು. ಹೊಸದರಲ್ಲಿ ಉಳಿಸಿದ್ದನ್ನು ಹಳೆಯದು ತೆರೆಯುವುದಿಲ್ಲ. ಉಚಿತ ಪ್ಲೇಯರ್‌ನಲ್ಲಿ ಅಂಥದ್ದು ಹದಿನೈದು ನಿಮಿಷ ನುಡಿದು ನಿಲ್ಲುತ್ತದೆ. ಕೆಲಸಕ್ಕೆ ಬೇಕಾಯಿತು, ಕಂಪನಿಯ ಬೇಸಿಗೆ ರಿಯಾಯಿತಿಯ ಅರ್ಧ ಬೆಲೆಗಾಗಿ ಒಂದು ತಿಂಗಳು ಕಾದೆ, ಕಾರ್ಡಿನಲ್ಲಿ ವಿದೇಶಿ ಪಾವತಿಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ತೆರೆದು ಕಟ್ಟಿದೆ. ತೆರಿಗೆ ಸೇರಿ ಹತ್ತು ಸಾವಿರದ ಸುತ್ತ. 11ರಿಂದ ನೇರವಾಗಿ 15ಕ್ಕೆ. ಕಾಂಟ್ಯಾಕ್ಟ್ 5 ಮತ್ತು 8 ಒಂದೇ ಯಂತ್ರದಲ್ಲಿ ತಕರಾರಿಲ್ಲದೆ ಇವೆ. ನನ್ನ ಚೌಡಿಕೆಯನ್ನು ಮಾತ್ರ 8ರಲ್ಲಿ ಎಂದೂ ಉಳಿಸುವುದಿಲ್ಲ. ಉಳಿಸಿದರೆ ಹಳೆಯ ಡೆಸ್ಕ್‌ಟಾಪ್ ಅದನ್ನು ಕಳೆದುಕೊಳ್ಳುತ್ತದೆ.

ವಾದ್ಯಗಳಿಗೆ ಖರ್ಚಾದದ್ದು ಹೀಗೆ: ಕಲಾವಿದರಿಗೆ ಇಪ್ಪತ್ತು ಇಪ್ಪತ್ತೊಂದು ಸಾವಿರ, ಬಳಸಿದ ಮೈಕ್ ಆರೂವರೆ, ಡಿಸ್ಕ್ ಐದೂವರೆ, ಚರ್ಮ ಬದಲಿಸಿದ್ದು, ಪ್ರಯಾಣ, ಊಟ ಚಹಾ ಸೇರಿ ಇನ್ನೊಂದು ಐದು. ಮೂವತ್ತೆಂಟರ ಹತ್ತಿರ ಬಂತು. ಚೌಡಿಕೆ, ಸಂಬಾಳ ಇದೆ ಎಂಬ ಒಂದೇ ಕಾರಣಕ್ಕೆ ಬಂದ ಹಾಡುಗಳು ಇಪ್ಪತ್ತೈದರ ಮೇಲಿವೆ, ಹಾಡಿಗೆ ನಾಲ್ಕೂವರೆ ಸಾವಿರ. ನಾಟಕ ಕಂಪನಿಯವರು ಮೂವತ್ತೈದು ಕೊಟ್ಟರು. ಜೋಗತಿಯವರಿಗೆ ಮೊದಲ ದಿನದ ಸಂಭಾವನೆಯ ಜೊತೆಗೆ, ಅವರ ನಾದ ಬಳಸಿದ ಪ್ರತಿ ಹಾಡಿಗೂ ಐನೂರು ತಲುಪಿಸುತ್ತೇನೆ. ಸೀರೆ ಉಡಿಸಿ ಕೈಮುಗಿದು ಮುಗಿಸುವ ವ್ಯವಹಾರ ಅದಲ್ಲ.

ಕರಡಿ ಇನ್ನೂ ಬಾಕಿ ಇದೆ. ಬರುವ ಮಂಗಳವಾರ ನಮ್ಮ ಭಾಗಕ್ಕೆ ಹತ್ತರಿಂದ ಐದರವರೆಗೆ ಕರೆಂಟ್ ಇಲ್ಲವೆಂದು ಇಂದಿನ ಪತ್ರಿಕೆಯಲ್ಲಿದೆ. ಕರಡಿ ಮಜಲಿನವರಿಗೆ ಈಗಾಗಲೇ ಹೇಳಿ ಕಳಿಸಿದ್ದೇನೆ, ಶಹನಾಯಿಯವರೂ ಬರುತ್ತಾರೆ. ಸೋಮವಾರ ರಾತ್ರಿಯೇ ಬ್ಯಾಟರಿ ತುಂಬಿಸಿಡಬೇಕು.